ಬಾಡಿಗೆ ಮನೆಯ ಡಬಲ್ ಗ್ಲಾಸ್ ಕಿಟಕಿಯಲ್ಲಿ ನೀರು ಕಟ್ಟಿದರೆ ಏನು ಮಾಡಬೇಕು: ಒರೆಸಿ ನೋಡುವುದರಿಂದ ಗ್ಲಾಸ್ ಬದಲಾಯಿಸುವವರೆಗೆ

ಮೈಸೂರಿನ ಶ್ರೀರಾಂಪುರದ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಪೂರ್ವಕ್ಕೆ ಒಂದು ದೊಡ್ಡ ಕಿಟಕಿ ಇದೆ. ಅದರಿಂದ ಬೆಟ್ಟ ಕಾಣುತ್ತದೆ. ಮನೆ ನೋಡಲು ಬಂದ ದಿನ ನಾವು ಹೂಂ ಅಂದಿದ್ದೇ ಆ ಕಿಟಕಿಗೆ. ರಿಂಗ್ ರೋಡಿನ ಲಾರಿ ಸದ್ದು ಒಳಗೆ ಬರಬಾರದು ಅಂತ ಓನರ್ ಅದಕ್ಕೆ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಫ್ರೇಮು, ಡಬಲ್ ಗ್ಲಾಸು ಹಾಕಿಸಿದ್ದರು.

ಎರಡನೇ ವರ್ಷದ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಬೆಟ್ಟದ ಬುಡಕ್ಕೆ ಮಂಜು ಕವಿದಂತೆ ಕಂಡಿತು. ಚಳಿಗಾಲ, ಮಂಜು ಇರುತ್ತದೆ ಅಂದುಕೊಂಡೆ. ಒಂಬತ್ತು ಗಂಟೆಗೆ ಬಿಸಿಲು ಏರಿತು, ಮಂಜು ಮಾತ್ರ ಅಲ್ಲೇ ಇತ್ತು. ಪಕ್ಕದ ಶಟರ್‌ನಿಂದ, ಅಂದರೆ ಅದೇ ಕಿಟಕಿಯ ಇನ್ನೊಂದು ಗ್ಲಾಸ್ ಬಾಗಿಲಿನಿಂದ, ನೋಡಿದರೆ ಬೆಟ್ಟ ಸ್ವಚ್ಛವಾಗಿದೆ! ಬಟ್ಟೆ ತಂದು ಗ್ಲಾಸಿನ ಒಳಮೈ ಒರೆಸಿದೆ, ಕೈ ಚಾಚಿ ಹೊರಮೈಯನ್ನೂ ಒರೆಸಿದೆ. ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಆ ಮಸುಕು ಅಲುಗಲಿಲ್ಲ. ಹತ್ತಿರ ಹೋಗಿ ನೋಡಿದಾಗ ಸಾಸಿವೆಗಿಂತ ಸಣ್ಣ ಹನಿಗಳು ಎರಡು ಗ್ಲಾಸುಗಳ ನಡುವೆ ಸಾಲಾಗಿ ಕೂತಿದ್ದವು.

ಆಗ ನನಗೆ ಮೊದಲು ಹೆದರಿಕೆಯಾಗಿದ್ದು ಗ್ಲಾಸಿನ ಬಗ್ಗೆ ಅಲ್ಲ, ಅಡ್ವಾನ್ಸ್ ಬಗ್ಗೆ. ಅದಕ್ಕೆ ಮುಂಚಿನ ಮನೆ ಬಿಡುವಾಗ ಕಿಟಕಿ ಪಕ್ಕದ ಗೋಡೆಗೆ ಬೂಷ್ಟು ಹಿಡಿದಿದೆ ಅಂತ ಹೇಳಿ ಆ ಓನರ್ ಅಡ್ವಾನ್ಸಿನಲ್ಲಿ ಒಳ್ಳೆಯ ಮೊತ್ತವನ್ನೇ ಹಿಡಿದುಕೊಂಡಿದ್ದರು. ಅದು ನಮ್ಮಿಂದ ಆದದ್ದೋ, ಗೋಡೆಯ ದೋಷವೋ ಅಂತ ತೋರಿಸಲು ನಮ್ಮ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಬಾಡಿಗೆ ಮನೆಯಲ್ಲಿರುವ ಯಾರಿಗೂ ಹಾಗಾಗಬಾರದು ಅಂತಲೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನೀರು ಗ್ಲಾಸಿನ ಯಾವ ಮೈಮೇಲಿದೆ ಅನ್ನುವುದು ಗೊತ್ತಾದರೆ ಅದು ಯಾರ ಕೆಲಸ ಅನ್ನುವುದೂ ಬಹುಪಾಲು ಗೊತ್ತಾಗುತ್ತದೆ. ಹಾಗಾಗಿ ಓನರ್‌ಗೆ ಫೋನ್ ಮಾಡುವ ಮೊದಲು ಕಿಟಕಿಯ ಹತ್ತಿರ ಹತ್ತು ನಿಮಿಷ ನಿಲ್ಲಿ.

ಅದು ನಿಜವಾಗಿ ಡಬಲ್ ಗ್ಲಾಸೇ?

ದಪ್ಪ ಗ್ಲಾಸಿಗೂ, ನಡುವೆ ಪಿವಿಬಿ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗ್ಲಾಸಿಗೂ ಜನ ಡಬಲ್ ಗ್ಲಾಸ್ ಅನ್ನುವುದುಂಟು. ರಾತ್ರಿ ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗ್ಲಾಸಿನ ಹತ್ತಿರ ಸ್ವಲ್ಪ ಓರೆಯಾಗಿ ಹಿಡಿಯಿರಿ. ಒಂದೇ ಗ್ಲಾಸಾದರೆ ಟಾರ್ಚಿನ ಎರಡು ಪ್ರತಿಬಿಂಬ ಅಂಟಿಕೊಂಡಂತೆ ಕಾಣುತ್ತವೆ. ಡಬಲ್ ಗ್ಲಾಸಾದರೆ ನಾಲ್ಕು ಕಾಣುತ್ತವೆ, ಎರಡು ಜೋಡಿ, ಜೋಡಿಗಳ ನಡುವೆ ಚೆನ್ನಾಗಿ ಅಂತರ. ಅಂಚಿನಲ್ಲಿ ನೋಡಿದರೆ ಎರಡು ಗ್ಲಾಸನ್ನು ದೂರ ಇಟ್ಟಿರುವ ಅಲ್ಯೂಮಿನಿಯಂ ಪಟ್ಟಿಯೂ ಕಾಣುತ್ತದೆ. ಅದಕ್ಕೆ ಕೆಲಸದವರು ಸ್ಪೇಸರ್ ಅನ್ನುತ್ತಾರೆ.

ಆ ಪಟ್ಟಿಯ ಬಗ್ಗೆ ಸ್ವಲ್ಪ ತಿಳಿದಿರಲಿ, ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಅದರೊಳಗೆ ಟೊಳ್ಳು. ಆ ಟೊಳ್ಳಿನಲ್ಲಿ ತೇವ ಹೀರುವ ಸಣ್ಣ ಸಣ್ಣ ಕಾಳು ತುಂಬಿರುತ್ತಾರೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಕೆಲಸವೇ ಇವುಗಳದ್ದೂ. ಪಟ್ಟಿಯ ಒಳಮುಖದಲ್ಲಿರುವ ಸೂಜಿಮೊನೆಯಂಥ ರಂಧ್ರಗಳಿಂದ ನಡುವಿನ ಗಾಳಿಯ ತೇವವನ್ನು ಇವು ಹೀರಿಕೊಳ್ಳುತ್ತವೆ. ಪಟ್ಟಿಗೂ ಗ್ಲಾಸಿಗೂ ನಡುವೆ ಬ್ಯುಟೈಲ್ ಅನ್ನುವ ಕಪ್ಪು ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್ ಸೀಲ್. ದಿನವೂ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸೀಲ್ ಎಳೆದಾಡುತ್ತದೆ. ವರ್ಷಗಟ್ಟಲೆ ಹೀಗಾಗಿ ಎಲ್ಲೋ ಒಂದು ಕಡೆ ಬಿಟ್ಟುಕೊಂಡರೆ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತದೆ. ಕಾಳುಗಳು ಹೀರುವಷ್ಟು ಹೀರುತ್ತವೆ. ಅವುಗಳ ಹೊಟ್ಟೆ ತುಂಬಿದ ಮೇಲೆ ಒಂದು ಚಳಿಯ ಬೆಳಗ್ಗೆ ನೀವು ಹನಿ ನೋಡುತ್ತೀರಿ. ಅಂದರೆ ಹನಿ ಕಂಡ ದಿನ ಸೀಲ್ ಹಾಳಾದ ದಿನ ಅಲ್ಲ. ಅದು ಎಷ್ಟೋ ತಿಂಗಳ ಹಿಂದೆಯೇ ಹೋಗಿರುತ್ತದೆ, ಬಹುಶಃ ನೀವು ಮನೆಗೆ ಬರುವ ಮೊದಲೇ. ಅಡ್ವಾನ್ಸ್ ಲೆಕ್ಕದ ದಿನ ಈ ಮಾತು ಬೇಕಾಗುತ್ತದೆ.

ನೀರು ಯಾವ ಮೈಮೇಲಿದೆ?

ಬೆಳಗ್ಗೆ ಆರೂವರೆಯಿಂದ ಏಳರೊಳಗೆ, ಪರದೆ ಸರಿಸಿದ ಕೂಡಲೇ ನೋಡಿ. ಒಣಗಿದ ತೋರುಬೆರಳಿನಿಂದ ಕೋಣೆಯ ಕಡೆಯ ಗ್ಲಾಸಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಮೂಡಿ ಬೆರಳು ಒದ್ದೆಯಾದರೆ ನೀರು ನಿಮ್ಮ ಕೋಣೆಯ ಗಾಳಿಯಿಂದ ಬಂದದ್ದು. ಅದು ಒಣಗಿದ್ದರೆ ಶಟರ್ ತೆಗೆದು ಹೊರಮೈಗೂ ಹಾಗೇ ಮಾಡಿ. ಮೇಲಿನ ಮಹಡಿಯಲ್ಲಿದ್ದರೆ ಹೊರಕ್ಕೆ ಬಾಗಬೇಡಿ, ಕೈಗೆ ಎಟುಕುವಷ್ಟೇ ಸಾಕು. ಎರಡೂ ಕಡೆ ಬೆರಳು ಒಣಗೇ ಇದ್ದು ಮಸುಕು ಹಾಗೇ ಇದ್ದರೆ ನೀರು ನಡುವೆ ಇದೆ.

ಹೊರಮೈಯ ನೀರಿಗೆ ತಲೆ ಕೆಡಿಸಿಕೊಳ್ಳಬೇಡಿ. ಡಿಸೆಂಬರ್, ಜನವರಿಯ ಶುಭ್ರ ಆಕಾಶದ ರಾತ್ರಿಗಳಲ್ಲಿ ಹೊರಗಿನ ಗ್ಲಾಸ್ ತಣ್ಣಗಾಗಿ ಅದರ ಮೇಲೆ ಇಬ್ಬನಿ ಕೂರುತ್ತದೆ, ಕಾರಿನ ಮೇಲೆ ಕೂತ ಹಾಗೇ. ಮನೆಯ ಬಿಸಿ ಹೊರಗಿನ ಗ್ಲಾಸಿನವರೆಗೆ ಹೋಗುತ್ತಿಲ್ಲ, ಕಿಟಕಿ ಚೆನ್ನಾಗಿದೆ ಅಂತಲೇ ಅದರ ಅರ್ಥ.

ನಡುವಿನ ನೀರು ಮೊದಮೊದಲು ಬಂದು ಹೋಗುತ್ತಿರುತ್ತದೆ. ಬೆಳಗ್ಗೆ ಕಾಣುತ್ತದೆ, ಮಧ್ಯಾಹ್ನ ಓನರ್ ಬಂದಾಗ ಇರುವುದಿಲ್ಲ. ಹನಿ ಆರಿದ ಮೇಲೂ ಹರಿದ ಜಾಡಿನಲ್ಲಿ ಬಿಳಿ ಕಲೆ, ಸ್ಪೇಸರ್ ಪಕ್ಕದಲ್ಲಿ ಬಿಳಿ ಪುಡಿ ಉಳಿದಿದ್ದರೆ ಅದೂ ಸೀಲ್ ಹೋದ ಗುರುತೇ.

ಕೋಣೆಯ ಕಡೆ ನೀರಿದ್ದರೆ: ಇದು ನಮ್ಮ ಕೆಲಸ

ಕೋಣೆಯ ಉಷ್ಣಾಂಶ 25 ಡಿಗ್ರಿ, ತೇವಾಂಶ 65 ಶೇಕಡಾ ಅಂದುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 18 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಗಾಳಿ ಅಲ್ಲಿ ನೀರು ಬಿಡುತ್ತದೆ. ಹೊರಗೆ 14 ಡಿಗ್ರಿ ಚಳಿ ಇದ್ದರೆ ಒಂಟಿ ಗ್ಲಾಸಿನ ಒಳಮೈ 17ರ ಹತ್ತಿರ ಇಳಿದು ಬೆವರುತ್ತದೆ. ಡಬಲ್ ಗ್ಲಾಸಿನ ಒಳಮೈ 21ರ ಆಸುಪಾಸಿನಲ್ಲಿ ನಿಲ್ಲುವುದರಿಂದ ಬೆವರಬಾರದು. ಆದರೂ ಬೆವರುತ್ತಿದ್ದರೆ ಕೋಣೆಯಲ್ಲಿ ತೇವ ವಿಪರೀತ ಇದೆ ಅಂತ. ಸ್ಪೇಸರ್ ಇರುವ ಅಂಚಿನಲ್ಲಿ ಮಾತ್ರ ತೆಳ್ಳಗೆ ನೀರಿದ್ದರೆ ಹೆದರಬೇಡಿ. ಅಲ್ಯೂಮಿನಿಯಂ ಚಳಿಯನ್ನು ಒಳಗೆ ತರುವುದರಿಂದ ಅಂಚು ಯಾವಾಗಲೂ ನಡುಭಾಗಕ್ಕಿಂತ ತಣ್ಣಗಿರುತ್ತದೆ.

ತೇವ ಎಲ್ಲಿಂದ ಬರುತ್ತದೆ? ಒಬ್ಬರು ರಾತ್ರಿಯಿಡೀ ಮಲಗಿದ್ದರೆ ಉಸಿರು, ಬೆವರಿನಿಂದ ಸುಮಾರು ಕಾಲು ಲೀಟರ್ ನೀರು ಕೋಣೆಗೆ ಸೇರುತ್ತದೆ. ಗಂಡ, ಹೆಂಡತಿ, ಮಗು ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿದರೆ ಲೆಕ್ಕ ನೀವೇ ಹಾಕಿ. ಇನ್ನೊಂದು ವಿಷಯ ನನಗೆ ತಿಳಿದಾಗ ನಂಬಲಿಕ್ಕೇ ಆಗಿರಲಿಲ್ಲ: ಅಡುಗೆ ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ. ಒಂದು ಕೆಜಿ ಗ್ಯಾಸಿಗೆ ಒಂದೂವರೆ ಲೀಟರಿಗೂ ಹೆಚ್ಚು. 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ 22 ಲೀಟರಿನಷ್ಟು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ, ಸಾರು, ಇಡ್ಲಿ ಪಾತ್ರೆಯ ಹಬೆ ಇದರ ಮೇಲೆ.

ಎಲ್ಲಕ್ಕಿಂತ ಕೆಟ್ಟದ್ದು ಒಳಗೆ ಬಟ್ಟೆ ಒಣಹಾಕುವುದು. ಮೈಸೂರಿನಲ್ಲಿ ಮೇ ತಿಂಗಳ ಮಳೆ ಒಂದು ಕಂತು, ಸೆಪ್ಟೆಂಬರ್–ಅಕ್ಟೋಬರ್‌ನದು ಇನ್ನೊಂದು ಕಂತು. ದಸರಾ ಹೊತ್ತಿಗೆ ಬಾಲ್ಕನಿಯಲ್ಲಿ ಏನೂ ಒಣಗುವುದಿಲ್ಲ, ಸ್ಟ್ಯಾಂಡ್ ಮಲಗುವ ಕೋಣೆಗೆ ಬರುತ್ತದೆ. ಮೆಷಿನ್ ಹಿಂಡಿ ಕೊಟ್ಟ ಒಂದು ಸರ್ತಿಯ ಬಟ್ಟೆಯಲ್ಲೂ ಎರಡು ಲೀಟರ್ ಹತ್ತಿರ ನೀರು ಉಳಿದಿರುತ್ತದೆ. ಬಟ್ಟೆ ಒಣಗಿತು ಅಂದರೆ ಅಷ್ಟೂ ನೀರು ಕೋಣೆಗೆ ಸೇರಿತು ಅಂತ.

ಈಗ ಮಾಡಬೇಕಾದ್ದು. ಮೊದಲು ತೇವಾಂಶ ತೋರಿಸುವ ಒಂದು ಸಣ್ಣ ಡಿಜಿಟಲ್ ಮೀಟರ್ ತಂದು ಮಂಚದ ಪಕ್ಕ ಇಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಳಗ್ಗೆ ಎದ್ದಾಗ 60ಕ್ಕಿಂತ ಕೆಳಗಿರಬೇಕು ಅನ್ನುವುದು ಗುರಿ. ಒಂದು ವಾರ ಬರೆದಿಡಿ, ಯಾವ ದಿನ ಏರಿತು, ಆ ದಿನ ಏನು ಮಾಡಿದ್ದಿರಿ ಅಂತ. ನಮ್ಮ ಮನೆಯಲ್ಲಿ ಬಟ್ಟೆ ಸ್ಟ್ಯಾಂಡ್ ಒಳಗಿದ್ದ ದಿನಗಳು ಪಟ್ಟಿಯಲ್ಲಿ ಎದ್ದು ಕಂಡವು. ಆಮೇಲೆ ವಾದ ಮಾಡುವ ಅಗತ್ಯವೇ ಬರಲಿಲ್ಲ, ಸ್ಟ್ಯಾಂಡ್ ಬಚ್ಚಲುಮನೆಗೆ ಹೋಯಿತು. ಅಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ ಬಾಗಿಲು ಮುಚ್ಚಿದರೆ ತೇವ ಹೊರಗೇ ಹೋಗುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಅಥವಾ ಚಿಮ್ನಿಯನ್ನು ಒಲೆ ಆರಿಸಿದ ಮೇಲೂ ಕಾಲು ಗಂಟೆ ಬಿಡಿ. ಪೈಪ್ ಇಲ್ಲದ, ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಚಿಮ್ನಿ ಎಣ್ಣೆ ಹಿಡಿಯುತ್ತದೆ, ತೇವ ಹಿಡಿಯುವುದಿಲ್ಲ.

ಕಿಟಕಿ ತೆಗೆಯುವುದಕ್ಕೂ ಹೊತ್ತು ಇದೆ. ಚಳಿಗಾಲದಲ್ಲಿ ಬೆಳಗ್ಗೆ ಎದ್ದ ಕೂಡಲೇ ಎದುರುಬದುರು ಎರಡು ಕಿಟಕಿ ಹತ್ತು ನಿಮಿಷ ಪೂರ್ತಿ ತೆಗೆಯಿರಿ. ಹೊರಗೆ ಮಂಜಿದೆ, ತೇವ ಒಳಗೆ ಬರುತ್ತದೆ ಅಂತ ಹಲವರು ಹಿಂಜರಿಯುತ್ತಾರೆ. ತಣ್ಣನೆ ಗಾಳಿ ಹಿಡಿದುಕೊಳ್ಳುವ ನೀರೇ ಕಮ್ಮಿ. 14 ಡಿಗ್ರಿಯ ಗಾಳಿಯಲ್ಲಿ ತೇವಾಂಶ 90 ಇದ್ದರೂ ಒಂದು ಘನಮೀಟರಿಗೆ ಸುಮಾರು 11 ಗ್ರಾಂ ನೀರು. ನಿಮ್ಮ ಕೋಣೆಯ 25 ಡಿಗ್ರಿಯ, 65ರ ಗಾಳಿಯಲ್ಲಿ 15 ಗ್ರಾಂ. ಹೊರಗಿನದು ಒಳಗೆ ಬಂದು ಬಿಸಿಯಾದ ಮೇಲೆ ಅದೇ ಒಣಗಾಳಿ. ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆಗ ಮಳೆ ಬಿಟ್ಟ ಮಧ್ಯಾಹ್ನದ ಹೊತ್ತು ನೋಡಿ ತೆಗೆಯಿರಿ, ಫ್ಯಾನ್ ಹಾಕಿ. ಸಂಜೆ ಸೊಳ್ಳೆ ಬರುವ ಮೊದಲು ಮುಚ್ಚಿಬಿಡಿ. ಕಿಟಕಿಗೆ ಮೆಶ್ ಇಲ್ಲದಿದ್ದರೆ ಓನರ್‌ನ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ದಪ್ಪ ಪರದೆಯನ್ನು ಗ್ಲಾಸಿಗೆ ಅಂಟಿಸಿದ ಹಾಗೆ ಬಿಡಬೇಡಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಗ್ಲಾಸಿನ ನೀರನ್ನು ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಹೊರಗೆ ಹಿಂಡಿ. ಕಿಟಕಿ ಕೆಳಗೇ ಬಿಟ್ಟರೆ ನೀರು ಮತ್ತೆ ಗಾಳಿಗೆ ಹೋಗುತ್ತದೆ.

ಗ್ಲಾಸಿನ ಅಂಚಿನ ರಬ್ಬರ್ ಬೀಡಿಂಗಿನ ಮೇಲೆ ಕಪ್ಪು ಚುಕ್ಕಿ ಕಂಡರೆ ಅದು ಬೂಷ್ಟು. ಸೋಪು ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು, ತಿಕ್ಕಿದ ಮೇಲೆ ಪೂರ್ತಿ ಒಣಗಿಸಿ. ಹೋಗದಿದ್ದರೆ ಬ್ಲೀಚನ್ನು ನೀರಿಗೆ ಬೆರೆಸಿ ಹಚ್ಚಿ, ಕೈಗವಸು ಹಾಕಿಕೊಂಡು, ಕಿಟಕಿ ತೆಗೆದಿಟ್ಟು. ಬ್ಲೀಚಿಗೆ ಟಾಯ್ಲೆಟ್ ಆಸಿಡ್ಡಾಗಲಿ ವಿನೆಗರ್ ಆಗಲಿ ಬೆರೆಸಲೇಬಾರದು, ಹುಟ್ಟುವ ಕ್ಲೋರಿನ್ ಗಾಳಿ ಶ್ವಾಸಕೋಶಕ್ಕೆ ಅಪಾಯ. ಯುಪಿವಿಸಿ ಫ್ರೇಮಿಗೆ ಥಿನ್ನರ್ ಮುಟ್ಟಿಸಬೇಡಿ.

ಫ್ರೇಮಿನ ತಳದಲ್ಲಿ, ಹೊರಮುಖಕ್ಕೆ, ಸಣ್ಣ ಸೀಳಿನಂಥ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ಮಳೆನೀರು ಹೊರಗೆ ಹೋಗುವ ದಾರಿ ಅದು. ಧೂಳು, ಇರುವೆ ಮಣ್ಣು ಕಟ್ಟಿ ಅದು ಮುಚ್ಚಿಹೋಗುತ್ತದೆ. ನೀರು ಫ್ರೇಮಿನೊಳಗೇ ನಿಂತು ಗ್ಲಾಸಿನ ಕೆಳಅಂಚು ಅದರಲ್ಲಿ ನೆನೆಯುತ್ತದೆ. ಸೀಲ್ ಬೇಗ ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. ತೆಂಗಿನ ಗರಿಯ ಕಡ್ಡಿಯೊಂದರಿಂದ ತೂತು ಬಿಡಿಸಿ, ಒಂದು ಲೋಟ ನೀರು ಟ್ರ್ಯಾಕಿಗೆ ಹುಯ್ದು ಹೊರಗೆ ಬರುತ್ತದೆಯೇ ನೋಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ನಡುವೆ ಒಂದು ಸಲ. ಬಾಡಿಗೆಯವರಾಗಿ ಇಷ್ಟು ನಾವು ಮಾಡಲೇಬೇಕು.

ನೀರು ನಡುವೆ ಇದ್ದರೆ: ಕೈ ಹಾಕಬೇಡಿ

ಸೀಲ್ ಹೋದ ಗ್ಲಾಸನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಅಂಚಿಗೆ ಸಿಲಿಕೋನ್ ಮೆತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಹೇರ್ ಡ್ರೈಯರ್ ಹಿಡಿದರೆ ಹನಿ ಮಾಯವಾಗಿ ಮಾರನೇ ದಿನ ಮತ್ತೆ ಬರುತ್ತದೆ. ಗ್ಲಾಸಿಗೆ ತೂತು ಕೊರೆದು ಒಣಗಿಸುವ ವಿಡಿಯೊಗಳಿವೆ. ದಯವಿಟ್ಟು ಬೇಡ. ದೊಡ್ಡ ಕಿಟಕಿಗಳಲ್ಲಿ ಹೆಚ್ಚಾಗಿ ಟಫನ್ಡ್, ಅಂದರೆ ಕಾಯಿಸಿ ಗಟ್ಟಿಮಾಡಿದ ಗ್ಲಾಸ್ ಇರುತ್ತದೆ, ಡ್ರಿಲ್ ತಾಗಿದರೆ ಇಡೀ ಹಾಳೆ ಚೂರುಚೂರಾಗಿ ಉದುರುತ್ತದೆ. ಆಮೇಲೆ ಅದು ನಿಜವಾಗಿಯೂ ನಿಮ್ಮ ತಪ್ಪೇ ಆಗುತ್ತದೆ. ಬದಲಾಯಿಸುವುದೊಂದೇ ದಾರಿ. ಅದಕ್ಕೆ ಆತುರವಿಲ್ಲ. ನೋಟ ಮಸುಕಾಗುತ್ತದೆ, ಬಿಸಿಲು–ಚಳಿ ತಡೆಯುವ ಶಕ್ತಿ ಸ್ವಲ್ಪ ಇಳಿಯುತ್ತದೆ, ಆರೋಗ್ಯಕ್ಕೆ ತೊಂದರೆ ಇಲ್ಲ. ಆತುರವಿರುವುದು ದಾಖಲೆಗೆ.

ಫೋಟೊ ಬೆಳಗ್ಗೆಯೇ ತೆಗೆಯಿರಿ. ನೇರವಾಗಿ ತೆಗೆದರೆ ಹನಿ ಕಾಣದೆ ಹೊರಗಿನ ಮರ ಕಾಣುತ್ತದೆ. ಶಟರ್‌ನ ಹೊರಬದಿಗೆ ಒಂದು ಕಪ್ಪು ಬಟ್ಟೆ ಹಿಡಿಸಿ, ಓರೆಯಿಂದ ಟಾರ್ಚ್ ಬಿಟ್ಟು ತೆಗೆಯಿರಿ, ಹನಿ ಒಂದೊಂದೂ ಮುತ್ತಿನ ಹಾಗೆ ಕಾಣುತ್ತದೆ. ಇನ್ನೊಂದು ಫೋಟೊ ದೂರದಿಂದ, ಯಾವ ಕೋಣೆಯ ಯಾವ ಶಟರ್ ಅಂತ ತಿಳಿಯುವ ಹಾಗೆ. ಒಣಬಟ್ಟೆಯಲ್ಲಿ ಎರಡೂ ಮೈ ಒರೆಸಿ, ಬಟ್ಟೆಯನ್ನು ಕ್ಯಾಮೆರಾಗೆ ತೋರಿಸುವ ಅರ್ಧ ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಸ್ಪೇಸರ್ ಮೇಲೆ ಕೆಲವು ತಯಾರಕರು ಹೆಸರು, ತಾರೀಖು ಅಚ್ಚು ಹಾಕಿರುತ್ತಾರೆ. ಗ್ಲಾಸಿನ ಮೂಲೆಯಲ್ಲಿ ಟಫನ್ಡ್ ಅನ್ನುವ ಸಣ್ಣ ಮುದ್ರೆ ಇರಬಹುದು. ಅವುಗಳ ಫೋಟೊ ಬೇರೆಯಾಗಿ ತೆಗೆದಿಡಿ, ಗ್ಯಾರಂಟಿ ಕೇಳುವಾಗ ಅದೇ ಆಧಾರ.

ಓನರ್‌ಗೆ ಫೋನ್ ಮಾಡಿ ಹೇಳಿದರೂ ಬರಹದಲ್ಲಿ ಒಂದು ಸಲ ಇರಲಿ. ನಾನು ಕಳಿಸಿದ್ದು ಇಷ್ಟು:

"ಸರ್ ನಮಸ್ಕಾರ. ಮಲಗೋ ರೂಮಿನ ಪೂರ್ವದ ಕಿಟಕಿ, ಬಲಗಡೆ ಶಟರ್‌ನಲ್ಲಿ ಎರಡು ಗ್ಲಾಸ್ ಮಧ್ಯೆ ನೀರು ಕಟ್ಟಿದೆ. ಒಳಗೂ ಹೊರಗೂ ಒರೆಸಿ ನೋಡಿದ್ವಿ, ಹೋಗ್ತಾ ಇಲ್ಲ. ಫೋಟೊ, ವಿಡಿಯೊ ಹಾಕಿದ್ದೀನಿ. ಸೀಲ್ ಹೋಗಿರೋ ಹಾಗಿದೆ, ಗ್ಲಾಸ್ ಎಲ್ಲೂ ಒಡೆದಿಲ್ಲ. ಕಿಟಕಿ ಹಾಕಿಸಿದಾಗಿನ ಬಿಲ್, ಗ್ಯಾರಂಟಿ ಪೇಪರ್ ಇದ್ರೆ ಒಂದ್ಸಲ ನೋಡ್ತೀರಾ? ಬೆಳಗ್ಗೆ ಏಳರೊಳಗೆ ಬಂದ್ರೆ ಚೆನ್ನಾಗಿ ಕಾಣುತ್ತೆ ಸರ್."

"ಕಿಟಕಿ ತೆಗೆದಿಡಿ, ಸರಿಹೋಗುತ್ತೆ" ಅಂತ ಉತ್ತರ ಬಂತು. ನಾನು ವಾದಕ್ಕೆ ಹೋಗಲಿಲ್ಲ, ಭಾನುವಾರ ಕಾಫಿಗೆ ಬನ್ನಿ ಅಂದೆ. ಬಂದವರು ಕನ್ನಡಕ ಏರಿಸಿಕೊಂಡು, ಬೆರಳಿನಿಂದ ಗ್ಲಾಸ್ ಉಜ್ಜಿ, ಬೆರಳ ತುದಿ ನೋಡಿಕೊಂಡರು. ಒಣಗಿತ್ತು. ಹೊರಗಡೆಯೂ ಉಜ್ಜಿ ನೋಡಿದರು. "ಇದು ಒಳಗೇ ಇದೆಯಲ್ರೀ" ಅಂದರು. ಹತ್ತು ಮೆಸೇಜ್ ಮಾಡದ ಕೆಲಸವನ್ನು ಆ ಒಣ ಬೆರಳು ಮಾಡಿತು. ನಿಮ್ಮ ಓನರ್‌ನೂ ಕಿಟಕಿಯ ಹತ್ತಿರ ಕರೆತನ್ನಿ.

ಅಗ್ರಿಮೆಂಟು, ಕಾನೂನು

ನಮ್ಮಲ್ಲಿ ಬಹುತೇಕ ಅಗ್ರಿಮೆಂಟು 11 ತಿಂಗಳದ್ದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅನ್ನುವುದೇ ಕಾರಣ. ಅದರಲ್ಲಿ ರಿಪೇರಿಯ ಸಾಲನ್ನು ಹುಡುಕಿ ಓದಿ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು ಅಂತ ಬರೆದಿದ್ದರೂ ಮುಚ್ಚಿದ ಸೀಲಿನೊಳಗಿನ ದೋಷ ಸಣ್ಣಪುಟ್ಟದ್ದಲ್ಲ ಅಂತ ಧೈರ್ಯವಾಗಿ ಹೇಳಿ.

ಅಗ್ರಿಮೆಂಟಿನಲ್ಲಿ ಬೇರೆ ಏನೂ ಇಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಇದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಾಡಿಗೆದಾರ ಇಟ್ಟುಕೊಳ್ಳಬೇಕು, ಸಹಜ ಸವೆತ ಅದಕ್ಕೆ ಹೊರತು ಅನ್ನುತ್ತದೆ ಅದು. ವಯಸ್ಸಾಗಿ ಸೀಲ್ ಸವೆದದ್ದು ಆ ಸಹಜ ಸವೆತವೇ ಅನ್ನುವುದು ನನ್ನ ವಾದ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಮಂಜಸ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತಲೂ ಅಲ್ಲೇ ಇದೆ. ಆದರೆ ಬರಹದಲ್ಲಿ ಓನರ್ ಒಪ್ಪದೆ ಇದನ್ನು ಮಾಡಬೇಡಿ. ಯಾವುದು ಮಾಡಿಸಲೇಬೇಕಾದದ್ದು ಅನ್ನುವುದರ ಮೇಲೆಯೇ ಜಗಳ ಶುರುವಾಗುತ್ತದೆ, ಬಾಡಿಗೆ ಕಮ್ಮಿ ಕೊಟ್ಟವರೇ ತಪ್ಪಿತಸ್ಥರಾಗಿ ಕಾಣುತ್ತಾರೆ.

ಹೊಸ ಅಪಾರ್ಟ್‌ಮೆಂಟಾದರೆ ಓನರ್‌ಗೆ ಒಂದು ವಿಷಯ ನೆನಪಿಸಿ, ಅವರಿಗೇ ಉಪಕಾರ. ರೇರಾ ಅಂತ ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಂ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕೆಲಸದ ಅಥವಾ ಗುಣಮಟ್ಟದ ದೋಷವನ್ನು ಕೊಂಡವರು ಬಿಲ್ಡರ್ ಗಮನಕ್ಕೆ ತಂದರೆ, 30 ದಿನದೊಳಗೆ ಹಣ ಪಡೆಯದೆ ಸರಿಮಾಡಿಕೊಡಬೇಕು. ಆ ದೂರನ್ನು ಬಾಡಿಗೆಯವರು ಕೊಡಲಾಗುವುದಿಲ್ಲ, ಓನರೇ ಕೊಡಬೇಕು. ನಿಮ್ಮ ಫೋಟೊಗಳು ಅವರಿಗೆ ಬೇಕಾಗುತ್ತವೆ.

ಗ್ಲಾಸ್ ಬದಲಾಯಿಸುವಾಗ

ಇಡೀ ಕಿಟಕಿ ಕಿತ್ತು ಹಾಕಬೇಕು ಅಂತ ಓನರ್‌ಗಳು ಹಿಂದೇಟು ಹಾಕುವುದುಂಟು. ಬೇಕಿಲ್ಲ. ಗ್ಲಾಸನ್ನು ಹಿಡಿದಿರುವ ಒಳಗಿನ ಬೀಡಿಂಗ್ ಪಟ್ಟಿ ಬಿಚ್ಚಿ ಆ ಶಟರ್‌ನ ಗ್ಲಾಸ್ ಜೋಡಿಯನ್ನಷ್ಟೇ ಬದಲಾಯಿಸುತ್ತಾರೆ, ಫ್ರೇಮು ಹಾಗೇ ಇರುತ್ತದೆ. ಇದನ್ನು ಮೊದಲೇ ಹೇಳಿ. ಯುಪಿವಿಸಿ ಕೆಲಸದ ಇಬ್ಬರಿಂದ ಚದರಡಿ ಲೆಕ್ಕದಲ್ಲಿ ರೇಟು ಬರೆಸಿಕೊಳ್ಳಿ. ಗ್ಲಾಸಿನ ದಪ್ಪ, ನಡುವಿನ ಅಂತರ ಅದರಲ್ಲಿ ಇರಲಿ. 6 ಮಿಮೀ ಗ್ಲಾಸು, 12 ಮಿಮೀ ಅಂತರ, ಮತ್ತೆ 6 ಮಿಮೀ ಗ್ಲಾಸು ಅಂದರೆ ಒಟ್ಟು 24 ಮಿಮೀ. ಹಳೆಯದರ ದಪ್ಪಕ್ಕೆ ಹೊಂದದಿದ್ದರೆ ಬೀಡಿಂಗ್ ಕೂರುವುದಿಲ್ಲ. ಟಫನ್ಡ್ ಗ್ಲಾಸನ್ನು ಕಾಯಿಸಿ ಗಟ್ಟಿಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಹಾಗಾಗಿ ಅಳತೆ ತೆಗೆದ ದಿನವೇ ಗ್ಲಾಸ್ ಸಿಗುವುದಿಲ್ಲ, ಮಾಡಿಸಿ ತರಬೇಕು.

ಒಂದು ಚದರ ಮೀಟರಿನ ಈ ಜೋಡಿ 30 ಕೆಜಿ ತೂಗುತ್ತದೆ. ನಾಲ್ಕಡಿಗೆ ನಾಲ್ಕಡಿಯದು 45 ಕೆಜಿ ಹತ್ತಿರ. ಒಬ್ಬನೇ ಹುಡುಗನನ್ನು ಕಳಿಸಿದರೆ ಇಬ್ಬರು ಬರುವವರೆಗೆ ಕೆಲಸ ಶುರುಮಾಡಿಸಬೇಡಿ. ಮಕ್ಕಳು ಆ ಹೊತ್ತು ಬೇರೆ ಕೋಣೆಯಲ್ಲಿರಲಿ.

ಹಳೇ ಗ್ಲಾಸ್ ಇಳಿಸಿದ ಮೇಲೆ ಫ್ರೇಮಿನಲ್ಲಿ ಗ್ಲಾಸ್ ಕೂರುವ ಸಂದನ್ನು ನೀವೇ ಬಗ್ಗಿ ನೋಡಿ. ನಮ್ಮದರಲ್ಲಿ ಕಪ್ಪು ಕೆಸರು ಅರ್ಧ ಬೆರಳಿನಷ್ಟು ಇತ್ತು, ನೀರು ಹೋಗುವ ತೂತೊಂದು ಸಿಮೆಂಟ್ ಬಿದ್ದು ಪೂರ್ತಿ ಮುಚ್ಚಿಹೋಗಿತ್ತು. ಕಟ್ಟುವಾಗಲೇ ಆದದ್ದು ಅದು. ಅದರದ್ದೂ ಫೋಟೊ ತೆಗೆದು ಅಲ್ಲೇ ಓನರ್‌ಗೆ ಕಳಿಸಿದೆ. ಆ ಸಂದು ತೊಳೆಸಿ, ತೂತು ಬಿಡಿಸಿ, ಗ್ಲಾಸಿನ ಕೆಳಗೆ ಪ್ಯಾಕಿಂಗ್, ಅಂದರೆ ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಇಡಿಸಿ. ಗ್ಲಾಸಿನ ಅಂಚು ಫ್ರೇಮಿನ ತಳಕ್ಕೆ ತಾಗಬಾರದು, ನೀರು ಬಂದರೂ ಅದರ ಕೆಳಗೆ ಹರಿದುಹೋಗಬೇಕು. ಪ್ಯಾಕಿಂಗ್ ಇಲ್ಲದೆ ಕೂರಿಸಿದ ಹೊಸ ಗ್ಲಾಸಿಗೂ ಹಳೆಯದರ ಗತಿಯೇ.

ಬೀಡಿಂಗ್ ಕೂರಿಸಿದ ಮೇಲೆ ಶಟರ್ ಎರಡು ಸಲ ತೆಗೆದು ಹಾಕಿ, ಲಾಕ್ ಬೀಳುತ್ತದೆಯೇ ನೋಡಿ. ಟ್ರ್ಯಾಕಿಗೆ ಒಂದು ಲೋಟ ನೀರು ಹುಯ್ದು ಹೊರಗೆ ಹರಿಯುವುದನ್ನು ಕಣ್ಣಾರೆ ಕಂಡ ಮೇಲೆ ಕೆಲಸದವರನ್ನು ಕಳಿಸಿ. ಬಿಲ್ ಓನರ್ ಹೆಸರಿನಲ್ಲಿರಲಿ, ಗ್ಯಾರಂಟಿ ಎಷ್ಟು ವರ್ಷ ಅಂತ ಬಿಲ್ಲಿನ ಮೇಲೆಯೇ ಬರೆಸಿ, ಅದರ ಫೋಟೊವನ್ನು ಹನಿಗಳ ಮೊದಲ ಫೋಟೊ ಕಳಿಸಿದ್ದ ಅದೇ ವಾಟ್ಸಾಪ್ ಮಾತುಕತೆಗೆ ಹಾಕಿಡಿ. ಮನೆ ಬಿಡುವ ದಿನ ಹುಡುಕುವಾಗ ಎಲ್ಲ ಒಂದೇ ಕಡೆ ಸಿಗುತ್ತದೆ.